ನಮ್ಮ ಬೀದಿಯ ಹೊಗೆ ಕುಡಿಯುವ ಮರಗಳು

ಚಿಕ್ಕಮಗಳೂರಿನ ಬಸ್ಸು ತುಮಕೂರಿನ ನಿಲ್ದಾಣಕ್ಕೆ ಬರುವಷ್ಟರಲ್ಲೇ ಬಿಸಿಲು ಚುರುಗುಟ್ಟತೊಡಗಿತ್ತು. ಮೇ ತಿಂಗಳ ಬೆಳಗೆಂದರೆ ನಮ್ಮ ಕಡೆ ಅರ್ಧ ಮಧ್ಯಾಹ್ನವೇ. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ, ಮೆಷಿನ್ನಿನಿಂದ ಸೊನ್ನೆ ರೂಪಾಯಿಯ ಟಿಕೆಟು ಕೊಟ್ಟು, "ಹೊರನಾಡಿಗೇನಮ್ಮ? ದರ್ಶನಕ್ಕಾ?" ಎಂದು ಕೇಳಿದರು. "ಅಲ್ಲಪ್ಪ, ಜಗಳಕ್ಕೆ" ಎಂದೆ. ಅವರು ನಕ್ಕು ಹಿಂದಿನ ಸೀಟಿಗೆ ಹೋದರು. ನಾನು ತಮಾಷೆ ಮಾಡಿರಲಿಲ್ಲ.

ನನ್ನದು ಬ್ಲೌಸ್ ಹೊಲಿಯುವ ಅಂಗಡಿ. ಎದುರಿಗೆ ಒಂದು ದೊಡ್ಡ ಕಟ್ಟಡ ಕಂಪನಿಯವರು ಅಪಾರ್ಟ್‌ಮೆಂಟು ಎಬ್ಬಿಸುತ್ತಿದ್ದಾರೆ. ಕಾಂಕ್ರೀಟ್ ಲಾರಿ, ಡೀಸೆಲ್ ಜನರೇಟರು, ಸಿಮೆಂಟಿನ ಧೂಳು, ಇವುಗಳ ನಡುವೆ ನಮ್ಮ ಬೀದಿ ಉಸಿರಾಡಲು ಕಲಿತು ಎರಡು ವರ್ಷವಾಗಿದೆ. ಬಿಳಿ ಬಟ್ಟೆ ಹೊಲಿಯಲು ತರಬೇಡಿ ಎಂದು ಗಿರಾಕಿಗಳಿಗೆ ನಾನೇ ಹೇಳಬೇಕಾದ ಗತಿ ಬಂತು. ಸೈಟ್ ಆಫೀಸಿಗೆ ಹೋಗಿ ಗಲಾಟೆ ಮಾಡಿದೆ. ಅಲ್ಲಿನ ಎಂಜಿನಿಯರು ಬಹಳ ಮರ್ಯಾದೆಯಿಂದ ಕೂರಿಸಿ, "ಮೇಡಂ, ನಮ್ಮದು ಹಸಿರು ಕಟ್ಟಡ, ನಮ್ಮ ಹೊಗೆಯನ್ನೆಲ್ಲ ಕಳಸದ ಮರಗಳು ಕುಡಿಯುತ್ತಿವೆ" ಎಂದು ಗೇಟಿನ ಮೇಲಿನ ದೊಡ್ಡ ಬೋರ್ಡು ತೋರಿಸಿದರು. ಬೋರ್ಡಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ದಪ್ಪನೆಯ ಮರಕ್ಕೆ ಕೈಯಾನಿಸಿ ನಿಂತಿದ್ದರು. ಕೆಳಗೆ ಅವರ ಹೆಸರು: ಸುಮಿತ್ರಮ್ಮ, ಕಾಫಿ ಬೆಳೆಗಾರರು, ಕಳಸ.

ಹೊಗೆ ಇಲ್ಲಿ, ಮರ ಅಲ್ಲಿ. ನಡುವೆ ಅರ್ಧ ಕರ್ನಾಟಕ. ನನ್ನ ಮೂಗಿನೊಳಗೆ ಹೋದ ಹೊಗೆ ಕಳಸದ ಮರಕ್ಕೆ ಹೇಗೆ ಸಿಕ್ಕಿತು ಎಂದು ಕೇಳಿದೆ. ಅದು ಲೆಕ್ಕಾಚಾರದಲ್ಲಿ ಸಿಗುತ್ತದೆ ಎಂದರು. ನನಗೆ ಮೈಯೆಲ್ಲ ಉರಿಯಿತು. ಅಂಗಡಿಗೆ ಬೀಗ ಹಾಕಿ, ಆ ಮರವನ್ನೂ ಆ ಹೆಂಗಸನ್ನೂ ಕಂಡೇ ಬರುತ್ತೇನೆಂದು ಹೊರಟೆ.

ಗುಬ್ಬಿ, ತಿಪಟೂರು, ಅರಸೀಕೆರೆ ದಾಟಿ ಕಡೂರಿನಲ್ಲಿ ಬಸ್ಸು ಊಟಕ್ಕೆ ನಿಂತಿತು. ಚಿತ್ರಾನ್ನ ಆರಿಹೋಗಿತ್ತು, ಮಜ್ಜಿಗೆ ಚೆನ್ನಾಗಿತ್ತು. ಚಿಕ್ಕಮಗಳೂರು ತಲುಪಿದಾಗ ಬಾಬಾಬುಡನ್‌ಗಿರಿಯ ಸಾಲು ಮೋಡದೊಳಗೆ ಸೇರಿಕೊಂಡು, ಬುಡ ಮಾತ್ರ ಕಾಣುತ್ತಿತ್ತು. ನಿಲ್ದಾಣದ ಹತ್ತಿರ ಐನೂರು ರೂಪಾಯಿಗೆ ಒಂದು ರೂಮು ಹಿಡಿದು, ಕೈಕಾಲು ತೊಳೆದು, ಕಾಫಿಪುಡಿ ಅಂಗಡಿಯೊಂದನ್ನು ಹೊಕ್ಕೆ. ಅರ್ಧ ಕೆಜಿ ಪುಡಿ ಬೀಸಿಸುತ್ತ ಅಂಗಡಿಯವರನ್ನು ಕಳಸದ ಕಡೆಯ ಸಮಾಚಾರ ಕೇಳಿದೆ.

"ಈ ಸಲ ಆ ಕಡೆ ವಿಚಿತ್ರ ಕಣಮ್ಮ" ಎಂದರು ಅವರು. "ಮೇ ಮುಗೀತಾ ಬಂತು, ಕೆಲವು ತೋಟದಲ್ಲಿ ಇನ್ನೂ ಮರಗಸಿ ಶುರು ಮಾಡಿಲ್ವಂತೆ."

ನಾನು ಬಯಲುಸೀಮೆಯವಳು. ಮರಗಸಿ ಎಂದರೇನೆಂದು ಅವರೇ ಬಿಡಿಸಿ ಹೇಳಬೇಕಾಯಿತು. ಕಾಫಿ ಗಿಡ ದೊಡ್ಡ ಮರಗಳ ನೆರಳಲ್ಲಿ ಬೆಳೆಯುತ್ತದೆ. ಬೇಸಗೆಯಲ್ಲಿ ನೆರಳು ಬೇಕು, ಮಳೆಗಾಲದಲ್ಲಿ ಅದೇ ನೆರಳು ಕುತ್ತಿಗೆಗೆ ಬರುತ್ತದೆ. ಅದಕ್ಕೇ ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಆಳುಗಳು ಮರ ಹತ್ತಿ, ಕೊಂಬೆ ಸವರಿ, ತೋಟಕ್ಕೆ ಗಾಳಿ ಬೆಳಕು ಬಿಡುತ್ತಾರೆ. ಮರಕ್ಕೆ ಏನೂ ಆಗುವುದಿಲ್ಲ, ಮತ್ತೆ ಚಿಗುರುತ್ತದೆ. ಮಾಡದೆ ಬಿಟ್ಟರೆ ಒಳಗೆ ತೇವ ನಿಂತು ಎಲೆ, ಕಾಯಿ ಕಪ್ಪಾಗಿ ಕೊಳೆಯುತ್ತವೆ. "ಮರಗಸಿ ಬಿಟ್ಟವ್ರು ಬೆಳೆ ಬಿಟ್ಟ ಹಾಗೆ" ಎಂದು ಅವರು ಪುಡಿಯ ಪೊಟ್ಟಣ ಕಟ್ಟಿಕೊಟ್ಟರು.

ಮರುದಿನ ಮೂಡಿಗೆರೆಯ ಬಸ್ಸು. ವಸ್ತಾರೆ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಕಾಫಿ ತೋಟ ಒತ್ತಿಕೊಂಡು ಬಂತು. ಒಂದು ಏರಿನಲ್ಲಿ ಬಸ್ಸು ಆಮೆಯಾಯಿತು. ಮುಂದೆ ಕಾಂಕ್ರೀಟ್ ಲಾರಿಗಳು ಕರಿ ಹೊಗೆ ಉಗುಳುತ್ತ ಹತ್ತುತ್ತಿದ್ದವು. ಬಣ್ಣ, ಗುರುತು ಎಲ್ಲ ನನಗೆ ಚಿರಪರಿಚಿತ. ನಮ್ಮ ಬೀದಿಯ ಕಂಪನಿಯದೇ! ಪಕ್ಕದಲ್ಲಿ ಕೂತ ಹುಡುಗಿ, ಮೇಲೆ ಗುಡ್ಡದಲ್ಲಿ ರೆಸಾರ್ಟು ಕಟ್ಟುತ್ತಿದ್ದಾರೆ ಎಂದಳು. ಹೊಗೆ ಕುಡಿಯುವ ಮರದ ಊರಿಗೆ ಹೊಗೆಯನ್ನೇ ಹೊತ್ತು ತಂದಿದ್ದಾರಲ್ಲ ಎಂದು ನಾನು ಗಟ್ಟಿಯಾಗಿಯೇ ಬೈದೆ. ಹುಡುಗಿ ಕಿಟಕಿ ಮುಚ್ಚಿದಳು.

ಮೂಡಿಗೆರೆಯಿಂದ ಮುಂದೆ ಖಾಸಗಿ ಬಸ್ಸು. ಆಧಾರ್ ಕಾರ್ಡು ಚಾಚಿದ್ದಕ್ಕೆ ಕಂಡಕ್ಟರ್ ಹುಡುಗ, "ಅಕ್ಕ, ಇದು ಪ್ರೈವೇಟು. ಇಲ್ಲಿ ಗಾಳಿ ಮಾತ್ರ ಫ್ರೀ" ಎಂದ. ಎಂಬತ್ತು ರೂಪಾಯಿ ಕೊಟ್ಟೆ. ಕೊಟ್ಟಿಗೆಹಾರದಲ್ಲಿ ಹೊಟ್ಟೆ ಬಿರಿಯುವಷ್ಟು ನೀರುದೋಸೆ ತಿಂದೆ. ಜಗಳ ಹಸಿದ ಹೊಟ್ಟೆಯಲ್ಲಿ ಮಾಡುವ ಕೆಲಸವಲ್ಲ. ಹಿರೇಬೈಲು ದಾಟುವಾಗ ಗುಡುಗು ಶುರುವಾಯಿತು. ಬಸ್ಸು ತೋಟದ ಗೇಟು ಗೇಟಿಗೂ ನಿಲ್ಲುತ್ತಿತ್ತು. ಒಬ್ಬರು ಔಷಧಿಯ ಪೊಟ್ಟಣ ಇಳಿಸಿಕೊಂಡರು, ಇನ್ನೊಬ್ಬರು ಕಳಸದ ಅಂಗಡಿಗೆ ಮುಟ್ಟಿಸೆಂದು ಹಲಸಿನಹಣ್ಣು ಹತ್ತಿಸಿದರು. ಕಂಡಕ್ಟರನಿಗೆ ಟಿಕೆಟಿಗಿಂತ ಈ ಕೆಲಸವೇ ಹೆಚ್ಚು.

ಸುಮಿತ್ರಮ್ಮನ ಹೆಸರು ಹೇಳಿದ ಕೂಡಲೇ ಅವನಿಗೆ ಗೊತ್ತಾಯಿತು. "ಟೀಚರಮ್ಮನ ಮನೆಗಾ? ಕಳಸ ದಾಟಿ, ಹೆಬ್ಬಾಳೆ ಸೇತುವೆ ಆದ್ಮೇಲೆ ಎಡಗಡೆ ಗೇಟು. ಹೊರನಾಡಿನ ಬಸ್ಸಲ್ಲಿ ಕೂತ್ಕೊಳ್ಳಿ, ನಾನೇ ಹೇಳ್ತೀನಿ" ಎಂದು ಕಳಸದಲ್ಲಿ ನನ್ನನ್ನು ಇನ್ನೊಂದು ಬಸ್ಸಿಗೆ ದಾಟಿಸಿದ.

ಗೇಟಿನಿಂದ ಒಳಗೆ ಇಳಿಜಾರಿನ ದಾರಿ. ಮಧ್ಯಾಹ್ನ ಮೂರಕ್ಕೇ ಮುಸ್ಸಂಜೆಯ ಹಾಗೆ ಕತ್ತಲು. ಮೇಲೆ ಅತ್ತಿ, ಹಲಸು, ಸಿಲ್ವರ್ ಓಕು, ಹಾಲುವಾಣ, ಎಲ್ಲವೂ ಕೊಂಬೆಗೆ ಕೊಂಬೆ ಹೆಣೆದು ಚಪ್ಪರ ಹಾಕಿದ್ದವು. ದೊಡ್ಡ ಮರಗಳ ಕಾಂಡಕ್ಕೆಲ್ಲ ಅಂಗೈಯಗಲದ ತಗಡಿನ ಬಿಲ್ಲೆ, ಅದರ ಮೇಲೆ ನಂಬರು, ನಟ್ಟನಡುವೆ ಮೊಳೆ. ಬಿಲ್ಲೆಯ ಮೂಲೆಯಲ್ಲಿ ನಮ್ಮ ಬೀದಿಯ ಕಂಪನಿಯ ಗುರುತು.

ಸುಮಿತ್ರಮ್ಮ ಅಂಗಳದಲ್ಲೇ ಸಿಕ್ಕರು. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನಡೆಸುತ್ತಿರುವವರು. ನಾನು ಯಾರು, ಯಾಕೆ ಬಂದೆ ಎಂದು ಹೇಳಿ ಫೋನಿನಲ್ಲಿ ತೆಗೆದಿದ್ದ ಬೋರ್ಡಿನ ಚಿತ್ರ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಎಂಥದು ಮಾರಾಯ್ತಿ ಇದು! ನನ್ನ ಮುಖ ತುಮಕೂರಲ್ಲಿ ನೇತಾಡ್ತಾ ಉಂಟಾ? ನನ್ನನ್ನ ಯಾರು ಕೇಳಿದ್ರು?"

"ನೀವೇ ಒಪ್ಪಿದ್ದೀರಿ ಅಂದ್ಕೊಂಡು ನಿಮ್ಮ ಮೇಲೂ ಸಿಟ್ಟು ಮಾಡ್ಕೊಂಡು ಬಂದಿದ್ದೆ" ಎಂದೆ.

"ಒಪ್ಪಿದ್ದು ಬೇರೆ. ಮೊದ್ಲು ಕಾಫಿ ಕುಡೀರಿ. ಸಿಟ್ಟು ಆಮೇಲೆ ಮಾಡೋಣ, ನಂದೂ ಸ್ವಲ್ಪ ಉಂಟು."

ಕಾಫಿಯ ಜೊತೆಗೆ ಕತೆ ಬಂತು. ಹೋದ ವರ್ಷ ಕಂಪನಿಯವರು ಬಂದು, ಮರ ಕಡಿಯದೆ ಉಳಿಸಿಕೊಂಡರೆ ವರ್ಷಾವರ್ಷ ದುಡ್ಡು ಕೊಡುತ್ತೇವೆ ಎಂದಿದ್ದರು. ಮರ ಕಡಿಯುವ ಯೋಚನೆ ಇಲ್ಲಿ ಯಾರಿಗೂ ಇರಲಿಲ್ಲ. ಇವರು ಒಪ್ಪಿದರು, ಇವರನ್ನು ನೋಡಿ ಅಕ್ಕಪಕ್ಕದ ತೋಟದವರೂ ಒಪ್ಪಿದರು. ಆಳುಗಳು ಮರಗಸಿಗೆ ಏಣಿ ಎತ್ತಿದಾಗ ಕಂಪನಿಯವರು ಓಡಿ ಬಂದರು. ಅವರು ಮರ ಎಣಿಸುವುದು ಆಕಾಶದಿಂದ ತೆಗೆದ ಚಿತ್ರದಲ್ಲಿ. ಕೊಂಬೆ ಸವರಿದರೆ ಚಿತ್ರದಲ್ಲಿ ಹಸಿರು ಕಮ್ಮಿ, ಹಸಿರು ಕಮ್ಮಿಯಾದರೆ ಮರ ಹೋಯಿತೆಂದೇ ಲೆಕ್ಕ. ಮರಗಸಿಯೆಂಬ ಕೆಲಸ ಲೋಕದಲ್ಲಿ ಇದೆಯೆಂದೇ ಯೋಜನೆ ಮಾಡಿದವರಿಗೆ ಗೊತ್ತಿರಲಿಲ್ಲ. ಅದನ್ನೂ ಯಾರಾದರೂ ಹೇಳಬೇಕೆ ಎಂದು ಇವರೂ ಬಾಯಿ ಬಿಟ್ಟಿರಲಿಲ್ಲ.

"ಕೊಟ್ಟ ಮಾತು ಅಂತ ಹೋದ ವರ್ಷ ಮರಗಸಿ ಬಿಟ್ಟೆ" ಎಂದರು ಸುಮಿತ್ರಮ್ಮ. "ಆಗಸ್ಟಲ್ಲಿ ಕಾಯಿ ಕಪ್ಪಾಗಿ ಬುಡಕ್ಕೆ ಸುರೀತು. ಗಿಡ ಅಲ್ಲಾಡಿಸಿದ್ರೆ ಸಾಕು, ಉದುರೋದು. ನಲವತ್ತು ವರ್ಷ ಈ ತೋಟ ನೋಡಿದೀನಿ, ಅಂಥದ್ದು ನೋಡಿರಲಿಲ್ಲ. ಈ ವರ್ಷವೂ ಹಾಗೇ ಆದ್ರೆ ಗಿಡವೇ ಉಳಿಯಲ್ಲ."

ಮರುದಿನವೇ ಕಂಪನಿಯ ಅಧಿಕಾರಿ ಡ್ರೋನ್ ತೆಗೆದುಕೊಂಡು ಬರುವವರಿದ್ದರು. ಅಕ್ಕಪಕ್ಕದವರೆಲ್ಲ ಕತ್ತಿ ಮಸೆದಿಟ್ಟುಕೊಂಡು ಟೀಚರಮ್ಮ ಏನು ಮಾಡುತ್ತಾರೆಂದು ನೋಡುತ್ತ ಕೂತಿದ್ದರು. ಮಳೆ ಯಾವಾಗ ಬೇಕಾದರೂ ಹಿಡಿಯಬಹುದಿತ್ತು.

ಅವರ ಮನೆಯಲ್ಲೇ ಉಳಿಯಲು ಹೇಳಿದರೂ ನಾನು ಹೊರನಾಡಿಗೆ ಹೋಗಿ ದೇವಸ್ಥಾನದ ರೂಮಿನಲ್ಲಿ ಚೀಲ ಇಟ್ಟೆ. ಪ್ರಸಾದದ ಸಾಲಿನಲ್ಲಿ ಕೂತು ಅನ್ನ ಸಾರು ಉಣ್ಣುವಾಗ ಪಕ್ಕದವರು ಏನು ಬೇಡಿಕೊಂಡಿರಿ ಎಂದು ಕೇಳಿದರು. ಮಳೆ ನಾಲ್ಕು ದಿನ ತಡವಾಗಲಿ ಎಂದೆ. ಅನ್ನ ಕೊಡುವ ತಾಯಿಯ ಮುಂದೆ ಯಾರಾದರೂ ಹಾಗೆ ಬೇಡುತ್ತಾರೆಯೇ ಎಂದು ಅವರು ಮುಖ ತಿರುಗಿಸಿದರು.

ಮರುದಿನ ಬೆಳಿಗ್ಗೆ ನಾನು ಗೇಟಿಗೆ ಬರುವಷ್ಟರಲ್ಲಿ ಜೀಪು ಬಂದಾಗಿತ್ತು. ಅಧಿಕಾರಿ ಮೂವತ್ತರ ಆಸುಪಾಸಿನ ಯುವಕ, ಮೈಸೂರಿನವನು, ಮಾತು ಮೃದು. ಅಂಗಳದಲ್ಲಿ ಡ್ರೋನಿನ ಪೆಟ್ಟಿಗೆ ಬಿಚ್ಚುತ್ತಿದ್ದ. ಒಂದು ಪಕ್ಕದಲ್ಲಿ ಮೇಸ್ತ್ರಿ ಶೇಷಪ್ಪ ಇಬ್ಬರು ಆಳುಗಳ ಜೊತೆ ಏಣಿ, ಹಗ್ಗ, ಕತ್ತಿ ಇಟ್ಟುಕೊಂಡು ನಿಂತಿದ್ದ.

"ಮೇಡಂ, ಹದಿನೈದು ದಿನ ತಡೀರಿ" ಎಂದು ಅಧಿಕಾರಿ ಸುಮಿತ್ರಮ್ಮನಿಗೆ ಹೇಳುತ್ತಿದ್ದ. "ಇವತ್ತಿನ ಚಿತ್ರ ಸರಿ ಬರದಿದ್ರೆ ಇನ್ನೊಂದ್ಸಲ ತೆಗೀಬೇಕಾಗುತ್ತೆ. ಈ ವರ್ಷ ಕಂಪನಿ ಹೊಗೆ ಇಳಿಸೋ ಗುರಿ ಮುಟ್ಟಿದೆ ಅಂತ ತೋರಿಸಲೇಬೇಕು."

"ಮಳೆಗೂ ಹೇಳಿದೀರಾ, ಹದಿನೈದು ದಿನ ತಡಿ ಅಂತ?"

ನಾನು ಸುಮ್ಮನಿರುವ ಪೈಕಿ ಅಲ್ಲ. ನನ್ನ ಪರಿಚಯ ನಾನೇ ಮಾಡಿಕೊಂಡು, "ನಮ್ಮ ಬೀದಿಯ ಹೊಗೆ ಕುಡಿಯುತ್ತಿರುವ ಮರ ಯಾವುದು? ತೋರಿಸಿ" ಎಂದೆ.

ಅವನು ಕಕ್ಕಾಬಿಕ್ಕಿಯಾದ. "ಹಾಗೆ ಇಂಥದ್ದೇ ಮರ ಅಂತ ಇರಲ್ಲ ಮೇಡಂ. ಒಟ್ಟು ಲೆಕ್ಕ. ಕಟ್ಟಡ ಅಂದ್ರೆ ಸಿಮೆಂಟು, ಕಬ್ಬಿಣ, ಡೀಸೆಲ್ಲು. ನಾವು ಸೈಟಲ್ಲಿ ಸೋಲಾರ್ ಹಾಕಿದೀವಿ, ಬಲ್ಬು ಬದಲಾಯಿಸಿದೀವಿ. ಆದ್ರೆ ಇಂಗಾಲದ ಹೊಗೆ ಹೆಚ್ಚಾಗಿ ಹುಟ್ಟೋದು ಸಿಮೆಂಟು, ಕಬ್ಬಿಣ ತಯಾರು ಮಾಡೋದ್ರಲ್ಲೇ. ಅದನ್ನ ಇಳಿಸ್ಬೇಕು ಅಂದ್ರೆ ಕಟ್ಟೋ ರೀತಿನೇ ಬದಲಾಗ್ಬೇಕು, ಇಲ್ಲ ಕಟ್ಟೋದನ್ನ ಕಮ್ಮಿ ಮಾಡ್ಬೇಕು. ಅದು ನನ್ನ ಕೈಲಿಲ್ಲ. ಉಳಿದಿದ್ದಕ್ಕೆ ಮರ."

ಪಾಪ, ನಿಜ ಹೇಳಿದ. ಆ ಒಂದು ಕಾರಣಕ್ಕೆ ಅವನ ಮೇಲೆ ಕೂಗಲು ನನಗೆ ಮನಸ್ಸಾಗಲಿಲ್ಲ. ಆದರೂ ಕೇಳಿದೆ, "ಈ ಅತ್ತಿಮರ ಯಾರು ಉಳಿಸಿಕೊಂಡು ಬಂದದ್ದು?"

"ನಮ್ಮ ಮಾವನವರು" ಎಂದರು ಸುಮಿತ್ರಮ್ಮ. "ಹಾಲುವಾಣ, ಸಿಲ್ವರು ಅವ್ರೇ ನೆಡಿಸಿದ್ದು."

"ಆಗ ನಿಮ್ಮ ಕಂಪನಿ ಹುಟ್ಟಿತ್ತೇನಪ್ಪ? ಅವತ್ತಿನಿಂದ ಈ ಮರಗಳು ಕುಡೀತಾನೇ ಇವೆ. ನೀವು ಬಿಲ್ಲೆ ಹೊಡೆದ ಮೇಲೆ ಒಂದು ಗುಟುಕಾದರೂ ಹೆಚ್ಚು ಕುಡಿದಿದ್ದಾವಾ? ಹೆಚ್ಚಾಗಿದ್ದು ನಮ್ಮ ಬೀದಿಯ ಹೊಗೆ ಮಾತ್ರ."

ಅವನು ಡ್ರೋನಿನ ಗುಂಡಿ ಒತ್ತಿದ. ಡ್ರೋನು ಜೇನ್ನೊಣದ ಸದ್ದು ಮಾಡುತ್ತ ಮೇಲೆದ್ದಿತು. ಅದೇ ಹೊತ್ತಿಗೆ ಪಡುವಣದ ಗುಡ್ಡದ ಹಿಂದೆ ಗುಡುಗಿತು. ಸುಮಿತ್ರಮ್ಮ ಆ ಕಡೆ ಒಮ್ಮೆ ನೋಡಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಶೇಷಪ್ಪ, ಹತ್ಸು."

"ಅಮ್ಮಾವ್ರೆ, ಮೇಲೆ ಫೋಟೋ ತೆಗೀತಾ ಇದೆ."

"ತೆಗೀಲಿ. ಚೆನ್ನಾಗೇ ಬರ್ಲಿ. ಹಾಲುವಾಣದಿಂದ ಶುರು ಮಾಡ್ಸು."

ಆಳು ಸರಸರನೆ ಏಣಿ ಹತ್ತಿ ಕೊಂಬೆಗೆ ಕಾಲು ಕೊಟ್ಟು ನಿಂತ. ಕತ್ತಿ ಬೀಸಿದ ಸದ್ದು ಕೇಳಿತು. ಮೊದಲ ಕೊಂಬೆ ಎಲೆಗಳನ್ನೆಲ್ಲ ಹೊತ್ತುಕೊಂಡು ಸಾಲಿನ ನಡುವೆ ಬಿತ್ತು. ಅದು ಬಿದ್ದ ಜಾಗದಲ್ಲಿ ಬೆಳಕು ನೇರವಾಗಿ ಕಾಫಿ ಗಿಡದ ಮೇಲೆ ಇಳಿಯಿತು. ಹೋದ ಸಲದ ಕೊಳೆರೋಗದಲ್ಲಿ ಬರಿದಾಗಿದ್ದ ಆ ಗಿಡದ ಕಡ್ಡಿಗಳಲ್ಲಿ ಅಲ್ಲೊಂದು ಇಲ್ಲೊಂದು ಚಿಗುರು ಇತ್ತು. ನಾನು ಚಪ್ಪಾಳೆ ಹೊಡೆದೆ. ಹೊಡೆಯಬಾರದಿತ್ತೇನೋ, ತಡೆಯಲಾಗಲಿಲ್ಲ.

"ಮೇಡಂ, ನಿಮ್ಮ ತೋಟ ಯೋಜನೆಯಿಂದ ಹೋಗುತ್ತೆ" ಎಂದ ಅಧಿಕಾರಿ, ಬೇಸರದಿಂದಲೇ.

"ಹೋಗ್ಲಿ. ತೋಟ ಇಲ್ಲೇ ಇರುತ್ತಲ್ಲ."

ಮಧ್ಯಾಹ್ನದವರೆಗೆ ಕತ್ತಿಗಳು ಆಡಿದವು. ಆಮೇಲೆ ಮಳೆ ಬಂತು, ಹನಿ ಹನಿಯಾಗಿ ಅಲ್ಲ, ಒಟ್ಟಿಗೇ. ಆಳುಗಳು ಶೆಡ್ಡಿಗೆ ಓಡಿದರು. ನಾವು ಮೂವರು ಜಗಲಿಗೆ ಬಂದೆವು. ಜಗಳವಾಡಿದವನೆಂದು ಸುಮಿತ್ರಮ್ಮ ಅಧಿಕಾರಿಗೆ ಕಾಫಿ ತಪ್ಪಿಸಲಿಲ್ಲ, ಜೊತೆಗೆ ಹಲಸಿನಕಾಯಿ ಹಪ್ಪಳವನ್ನೂ ಕೊಟ್ಟರು. ಅವನು ಬೆಳಗಿನ ಚಿತ್ರಗಳನ್ನು ಹೆಡ್ಡಾಫೀಸಿಗೆ ಕಳಿಸಿದ. ಸ್ವಲ್ಪ ಹೊತ್ತಿಗೆ ಅವನ ಫೋನು ಬಡಿದುಕೊಂಡಿತು. ಎದ್ದು ಹೋಗಿ ಮೂಲೆಯಲ್ಲಿ ಮಾತಾಡಿ ಬಂದಾಗ ಅವನ ಮುಖ ಅರಳಿತ್ತು.

"ಮೇಡಂ, ತೊಂದರೆನೇ ಇಲ್ಲ. ಮಾತಾಡಿದೆ. ಈ ವರ್ಷಕ್ಕೂ ಹೋದ ವರ್ಷದ ಚಿತ್ರಾನೇ ಹಾಕ್ತಾರಂತೆ. ನೀವು ಮರಗಸಿ ಮಾಡ್ಕೊಳ್ಳಿ, ನಿಮ್ಮ ದುಡ್ಡೂ ಬರುತ್ತೆ. ಯಾರಿಗೂ ಹೇಳ್ಬೇಡಿ ಅಷ್ಟೆ."

ಸುಮಿತ್ರಮ್ಮ ಲೋಟ ಕೆಳಗಿಟ್ಟರು. ಒಪ್ಪಿಕೊಂಡುಬಿಡುತ್ತಾರೆ ಎಂದು ನನಗೆ ದಿಗಿಲಾಯಿತು. ಒಪ್ಪಿದರೆ ತಪ್ಪೆಂದು ಹೇಳಲು ನನಗೇನು ಹಕ್ಕಿತ್ತು? ಬೆಳೆ ಕಳೆದುಕೊಂಡವರು ಅವರು, ಆ ದುಡ್ಡಿನಲ್ಲಿ ಎಷ್ಟೋ ಆಳಿನ ಕೂಲಿ ನಡೆಯುತ್ತಿತ್ತು. ಆದರೂ ಬೇಡ ಎನ್ನಲಿ ಎಂದು ಮನಸ್ಸಿನಲ್ಲೇ ಹಟ ಹಿಡಿದು ಕೂತೆ.

"ಅಂದ್ರೆ ಹೋದ ವರ್ಷವೂ ಮೊದ್ಲು ತೆಗೆದ ಚಿತ್ರಾನೇ ಹಾಕಿ ನನ್ನ ಮರಗಸಿಗೆ ಬಿಡ್ಬೋದಿತ್ತು" ಎಂದರು ಅವರು ನಿಧಾನವಾಗಿ.

ಅಧಿಕಾರಿಯ ಮುಖ ಮತ್ತೆ ಬಾಡಿತು.

"ನಿಮಗೆ ಬೇಕಾಗಿದ್ದು ಮರ ಅಲ್ಲ ಹಾಗಾದ್ರೆ. ಚಿತ್ರ. ಒಂದು ಚಿತ್ರಕ್ಕೋಸ್ಕರ ನನ್ನ ಕೈಲಿ ಒಂದು ವರ್ಷದ ಬೆಳೆ ಕೊಳೆಸಿದ್ರಿ. ಮರ ಒಳ್ಳೇದಕ್ಕೆ ಅಂತ ನಂಬಿ ನಾನೂ ಸುಮ್ನಿದ್ದೆ, ಹಲ್ಲು ಕಚ್ಚಿಕೊಂಡು." ಅವರು ಎದ್ದು ನಿಂತರು. "ನಿಮ್ಮ ಹೊಗೆ ನೀವು ನೋಡ್ಕೊಳ್ಳಿ. ನನ್ನ ಮರ ನಾನು ನೋಡ್ಕೊಳ್ತೀನಿ. ಮಳೆ ನಿಂತ ಕೂಡ್ಲೇ ಆ ಬಿಲ್ಲೆಗಳನ್ನ ಕಿತ್ತು ತಗೊಂಡು ಹೋಗಿ."

"ಬಿಲ್ಲೆ ಕೀಳೋಕೆ ನನಗೆ ಆರ್ಡರಿಲ್ಲ ಮೇಡಂ."

"ಹೊಡೀವಾಗ ನನ್ನ ಮರಗಳು ಆರ್ಡರು ಕೊಟ್ಟಿದ್ವಾ? ಬಿಡಿ. ನಾವೇ ಕೀಳ್ತೀವಿ."

ಅವನು ಮಳೆಯಲ್ಲೇ ಜೀಪು ಹತ್ತಿದ. ಹತ್ತುವ ಮೊದಲು ಹಿಂದಿರುಗಿ ಬಂದು, ಕಾಫಿ ಚೆನ್ನಾಗಿತ್ತು ಎಂದು ಸುಮಿತ್ರಮ್ಮನ ಕಾಲು ಮುಟ್ಟಿ ಹೋದ. ಮಳೆ ನಿಂತ ಮೇಲೆ ಶೇಷಪ್ಪ ಇಕ್ಕಳ ತಂದ. ನಾನೂ ಸೀರೆ ಎತ್ತಿಕಟ್ಟಿ ಇಳಿದೆ. ಕತ್ತರಿ ಹಿಡಿದ ಕೈಗೆ ಇಕ್ಕಳ ಹೊಸದೇನಲ್ಲ. ಮೊಳೆ ಕೀಳುವಾಗ ಅತ್ತಿಮರದಿಂದ ಹಾಲು ಒಸರಿತು. ಸುಮಿತ್ರಮ್ಮ ಪ್ರತಿ ಗಾಯಕ್ಕೂ ಒದ್ದೆ ಮಣ್ಣು ಮೆತ್ತುತ್ತ ಬಂದರು. ಒಂದು ಗೊಬ್ಬರದ ಚೀಲದ ತಳ ತುಂಬುವಷ್ಟು ಬಿಲ್ಲೆಗಳಾದವು.

"ಇದನ್ನ ಎಲ್ಲಿ ಬಿಸಾಕೋದು?" ಎಂದ ಶೇಷಪ್ಪ.

"ಬಿಸಾಕೋದು ಯಾಕೆ? ನನ್ನ ಅಂಗಡಿಯ ಎದುರಿಗೇ ಇದರ ಯಜಮಾನರ ಆಫೀಸಿದೆ. ನಾನು ಮುಟ್ಟಿಸ್ತೀನಿ" ಎಂದೆ. ಸುಮಿತ್ರಮ್ಮ ಮೊದಲ ಸಲ ಬಾಯ್ತುಂಬ ನಕ್ಕರು.

ಮರುದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಹೊರನಾಡಿನಿಂದ ಬಂದ ಬಸ್ಸನ್ನು ಸುಮಿತ್ರಮ್ಮನ ಗೇಟಿನಲ್ಲಿ ಒಂದು ನಿಮಿಷ ನಿಲ್ಲಿಸಿ ಬಿಲ್ಲೆಗಳ ಚೀಲ ಹತ್ತಿಸಿಕೊಂಡೆ. ಅವರು ಕಿಟಕಿಯಿಂದ ಒಂದು ಪೊಟ್ಟಣ ಮೆಣಸಿನಕಾಳು ತುರುಕಿ, "ಧೂಳಿಗೆ ಕೆಮ್ಮು ಬಂದ್ರೆ ಕಷಾಯ ಮಾಡ್ಕೊಳ್ಳಿ" ಎಂದರು. ಅವರ ಹಿಂದೆ ತೋಟದ ಮೇಲ್ಭಾಗದಲ್ಲಿ ಕತ್ತಿ ಆಗಲೇ ಆಡುತ್ತಿತ್ತು.

ಬಸ್ಸು ಒಂದು ತಿರುವು ದಾಟಿ ಮತ್ತೆ ನಿಂತಿತು. ಪಕ್ಕದ ತೋಟದ ಗೇಟು. ಬನಿಯನ್ನು ತೊಟ್ಟ ಗಂಡಸೊಬ್ಬರು ಗೋಣಿಚೀಲ ಹಿಡಿದು ನಿಂತಿದ್ದರು. ಒಳಗೆ ಇಣುಕಿ ನೋಡಿ, "ತುಮಕೂರಿಗೆ ಹೋಗೋ ಅಮ್ಮ ನೀವೇನಾ? ಟೀಚರಮ್ಮ ಫೋನ್ ಮಾಡಿದ್ರು. ನಮ್ಮದೂ ಒಂದಷ್ಟು ಉಂಟು, ಮುಟ್ಟಿಸ್ಬಿಡಿ" ಎಂದು ಚೀಲ ಮೆಟ್ಟಿಲ ಮೇಲಿಟ್ಟರು. ಒಳಗೆ ತಗಡು ಗಲಗಲ ಎಂದಿತು.

ಮುಂದಿನ ಗೇಟಿನಲ್ಲಿ ಒಬ್ಬ ಹೆಂಗಸು ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ತಂದಿದ್ದರು. ಅದರ ಮುಂದಿನ ಗೇಟಿನಲ್ಲಿ ಇಬ್ಬರು. ಈ ಬಸ್ಸಿನ ಕಂಡಕ್ಟರ್ ಹುಡುಗನೂ ಏನೂ ಕೇಳದೆ ಡ್ರೈವರನ ಪಕ್ಕದ ಜಾಗ ಖಾಲಿ ಮಾಡಿಸಿ ಒಂದೊಂದಾಗಿ ಒಟ್ಟಿದ. ನದಿಯ ಹತ್ತಿರ ಬಂದಾಗ ತಿರುಗಿ ನೋಡಿದೆ. ಗುಡ್ಡದ ಹಸಿರಿನಲ್ಲಿ ಅಲ್ಲಲ್ಲಿ ಮರದ ತುದಿಯಲ್ಲಿ ಮನುಷ್ಯರು ಕಂಡರು, ಅವರ ಕೆಳಗೆ ಕೊಂಬೆಗಳು ಬೀಳುತ್ತಿದ್ದವು. ಸೇತುವೆಯ ಬುಡದಲ್ಲಿ ಇನ್ನೂ ಒಬ್ಬರು ಚೀಲ ಹೊತ್ತು ಓಡಿ ಬರುತ್ತಿದ್ದರು. ಡ್ರೈವರು ನಾನು ಹೇಳುವ ಮೊದಲೇ ಬಸ್ಸು ನಿಲ್ಲಿಸಿದ.